ಕನ್ನಡಿಯಲ್ಲಿ ಎರಡು ಬೆರಳು

ಮೇಸ್ತ್ರಿಯ ಕಿವಿಗಳು ಸತ್ತು ಮೂರು ವರ್ಷವಾಗಿತ್ತು. ಈ ಸುದ್ದಿ ಗೊತ್ತಿದ್ದದ್ದು ಲೋಕದಲ್ಲಿ ಇಬ್ಬರಿಗೆ ಮಾತ್ರ, ಮೇಸ್ತ್ರಿಗೆ ಮತ್ತು ಅವನ ಮಗಳಿಗೆ. ಉಳಿದವರ ಪಾಲಿಗೆ ಅವನೊಬ್ಬ ಮಾಯಗಾರ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಕಬ್ಬಿಣದ ಹೊಟ್ಟೆಯೊಳಗಿನ ಗುಟ್ಟೆಲ್ಲ ಅವನ ಕಿವಿಗೆ ಬಂದು ಬೀಳುತ್ತದೆ ಎಂದೇ ಲಾರಿಯವರು ನಂಬಿದ್ದರು. ಅಸಲಿಗೆ ಅವನು ಕಣ್ಣು ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ರೆಪ್ಪೆಯ ಸಂದಿಯಿಂದ ಕ್ಯಾಬಿನ್ನಿನ ಪಕ್ಕದ ಕನ್ನಡಿ ನೋಡುತ್ತಿದ್ದ. ಒಳಗೆ ಕೂತು ಕೀಲಿ ತಿರುಗಿಸುವ ಮಗಳು, ಕೇಳಿದ್ದನ್ನು ಆ ಕನ್ನಡಿಗೆ ಬೆರಳಿನಲ್ಲಿ ಹೇಳುತ್ತಿದ್ದಳು. ಒಂದು ಬೆರಳೆಂದರೆ ಪೈಪಿನಲ್ಲಿ ಗಾಳಿ ಸೇರಿದೆ. ಎರಡೆಂದರೆ ಡೀಸೆಲ್ ಚಿಮ್ಮಿಸುವ ಪಂಪಿನ ಟೈಮಿಂಗ್ ತಪ್ಪಿದೆ. ಹೀಗೆ ಐದು ಬೆರಳಿಗೆ ಐದು ರೋಗ.

ಆ ಬೆಳಿಗ್ಗೆ ಒಂಬತ್ತು ಲಾರಿಗಳ ಯಜಮಾನಿ ತಾನೇ ಬಂದಿಳಿದಳು. ಹಿಂದೆ ಒಂದು ಲಾರಿ ಇನ್ನೊಂದನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ನಾಲ್ಕು ದಿನದ ಹಿಂದೆ ಮೇಸ್ತ್ರಿಯೇ ಡೀಸೆಲ್ ಪೈಪು, ಫಿಲ್ಟರು ಬಿಚ್ಚಿ ರಿಪೇರಿ ಮಾಡಿ ಕಳಿಸಿದ್ದ ಗಾಡಿ ಅದು.

“ರಿಪೇರಿಗೆ ಮುಂಚೆ ಚೆನ್ನಾಗೇ ಏಳ್ತಿತ್ತು ಮೇಸ್ತ್ರಿ,” ಎಂದಳು ಯಜಮಾನಿ. “ಈಗ ಬೆಳಿಗ್ಗೆ ಕೀಲಿ ತಿರುಗ್ಸಿ ತಿರುಗ್ಸಿ ಕೈ ನೋವು. ಒಂದ್ಸಲ ಎದ್ರೆ ದಿನವೆಲ್ಲ ತಕರಾರಿಲ್ಲ. ಇವತ್ತು ಏಳಲೇ ಇಲ್ಲ.”

“ನಮ್ಮ ಗೊರಕೆ ಥರಾನೇ,” ಎಂದ ಮುಂದಿನ ಲಾರಿಯ ಡ್ರೈವರು.

ಕೂತಲ್ಲೇ ನಿದ್ದೆ ಹೊಡೆದು ಆ ಹೆಸರು ಗಳಿಸಿದ್ದ ಹಿಂದಿನ ಲಾರಿಯವನು ಆಕಳಿಸಿದ. “ನಾನಾದ್ರೂ ಒದ್ರೆ ಏಳ್ತೀನಪ್ಪ.”

ಯಜಮಾನಿಯ ತುಟಿಗಳನ್ನೇ ನೋಡುತ್ತಿದ್ದ ಮೇಸ್ತ್ರಿ ಗಂಭೀರವಾಗಿ ತಲೆಯಾಡಿಸಿದ.

ಮಗಳಿಗೆ ರೋಗ ಆಗಲೇ ಗೊತ್ತಿತ್ತು. ಅಜ್ಜಿಯರ ಕಥೆಗಳಲ್ಲಿ ರಾಕ್ಷಸನ ಪ್ರಾಣ ಅವನ ಮೈಯಲ್ಲಿರುವುದಿಲ್ಲ. ಏಳು ಸಮುದ್ರದಾಚೆ ಯಾವುದೋ ಹಕ್ಕಿಯಲ್ಲಿ ಅಡಗಿರುತ್ತದೆ. ಈ ರಾಕ್ಷಸನ ಪ್ರಾಣ ಇದ್ದದ್ದು ಪೈಪಿನ ಬೋಲ್ಟಿನ ಕೆಳಗೆ, ಉಂಗುರದಷ್ಟು ಅಗಲದ ಒಂದು ತಾಮ್ರದ ವಾಷರಿನಲ್ಲಿ. ಒಮ್ಮೆ ಅದುಮಿಸಿಕೊಂಡ ಹಳೆಯ ವಾಷರು ಮತ್ತೆ ಸರಿಯಾಗಿ ಕೂರುವುದಿಲ್ಲ. ಹೊರಗೆ ಒಂದು ಹನಿ ಡೀಸೆಲ್ಲೂ ಸೋರುವುದಿಲ್ಲ, ಆದರೆ ಕೂದಲೆಳೆಯಷ್ಟು ಸಂದಿಯಲ್ಲಿ ಗಾಳಿ ಒಳಗೆ ನುಸುಳುತ್ತದೆ. ಗಾಡಿ ನಿಂತಿದ್ದಷ್ಟು ಹೊತ್ತೂ ಡೀಸೆಲ್ ಮೆಲ್ಲನೆ ಟ್ಯಾಂಕಿಗೆ ಹಿಂದಿರುಗಿ, ಬೆಳಗಾಗುವಷ್ಟರಲ್ಲಿ ಪೈಪು ಬರಿದು. ಕಣ್ಣಿಗೆ ಕಾಣದ ರೋಗ ಇದು, ಕಿವಿಗೆ ಮಾತ್ರ ಸಿಗುತ್ತದೆ. ಎಂಜಿನ್ ನಿಂತ ಮರುಗಳಿಗೆ, ಬಾಯಿ ಸುಟ್ಟುಕೊಂಡವರು ಉಸಿರೆಳೆದಂತೆ ಸಣ್ಣ ಸದ್ದು.

ಆ ಸದ್ದನ್ನು ಅವಳು ರಿಪೇರಿಯ ದಿನವೇ ಕೇಳಿದ್ದಳು. “ಅಪ್ಪ, ವಾಷರ್ ಹಳೇದು, ಬದಲಾಯಿಸೋಣ,” ಎಂದು ಅವನ ಮುಖದೆದುರು ನಿಂತು ಹೇಳಿದ್ದಳು. ಅದನ್ನು ಕೇಳಿಸಿಕೊಂಡ ಯಜಮಾನಿ, “ನಿಮ್ಮ ಮಗಳಿಗೆ ಕೆಲಸ ಗೊತ್ತಿರೋ ಹಾಗಿದೆ. ನಮ್ಮ ಶೆಡ್ಡಿಗೆ ಒಬ್ಬರು ಬೇಕು, ಕಳಿಸ್ತೀರಾ?” ಎಂದಿದ್ದಳು.

ತನ್ನ ಕಿವಿಯೇ ಎದ್ದು ಹೊರಟಂತಾಯಿತು ಮೇಸ್ತ್ರಿಗೆ. “ಇವಳಾ? ಸ್ಪ್ಯಾನರ್ ಯಾವ ಕಡೆ ಹಿಡೀಬೇಕು ಅಂತ ಈ ಕತ್ತೆಗೆ ಇವತ್ತಿಗೂ ಗೊತ್ತಿಲ್ಲ ಮೇಡಂ. ಕೀಲಿ ತಿರುಗ್ಸೋಕೆ ಇಟ್ಕೊಂಡಿದ್ದೀನಿ, ಅದನ್ನೂ ಎರಡು ಸಲ ಹೇಳ್ಬೇಕು,” ಎನ್ನುತ್ತ ಗ್ರೀಸು ಮೆತ್ತಿದ ಕೈಯಲ್ಲಿ ಮಗಳ ಕೆನ್ನೆಗೆ ಪಟಪಟನೆ ತಟ್ಟಿದ್ದ. ಡ್ರೈವರುಗಳು ನಕ್ಕಿದ್ದರು. ಯಜಮಾನಿಯೂ ನಕ್ಕಿದ್ದಳು. ವಾಷರು ಹಳೆಯದೇ ಉಳಿದಿತ್ತು. ಆ ಕೆಲಸ ಇನ್ನೂ ಖಾಲಿಯಿತ್ತು.

“ಹತ್ತಿ ಕೂತ್ಕೋ ಕತ್ತೆ, ತಿರುಗ್ಸು,” ಎಂದು ಮೇಸ್ತ್ರಿ ಈಗ ಸ್ಕ್ರೂಡ್ರೈವರನ್ನು ಕಿವಿಗೆ ಹಚ್ಚಿದ.

ಅವಳು ಕೀಲಿ ತಿರುಗಿಸಿದಳು. ಎಂಜಿನ್ ನರಳಿತು, ತಿರುಗಿತು, ಏಳಲಿಲ್ಲ. ಹೊಗೆಯ ಒಂದು ಎಳೆಯೂ ಬರಲಿಲ್ಲ. ಕನ್ನಡಿಯಲ್ಲಿ ಅಪ್ಪನ ಅರೆಗಣ್ಣು ಕಾಯುತ್ತಿತ್ತು. ಅಭ್ಯಾಸದಿಂದ ಅವಳ ಒಂದು ಬೆರಳು ಎದ್ದಿತು. ಅವಳು ಅದನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು ಬೆರಳು ನಿಧಾನವಾಗಿ ಎದ್ದು ನಿಂತಿತು.

“ಪಂಪಿನ ಟೈಮಿಂಗ್,” ಎಂದ ಮೇಸ್ತ್ರಿ, ದೇವರು ಮೈಮೇಲೆ ಬಂದವನ ದನಿಯಲ್ಲಿ.

ಪಂಪಿನ ಬೋಲ್ಟು ಸಡಿಲಿಸಿ ಒಂದಿಷ್ಟು ಹೊರಳಿಸಿದ. ಏಳಲಿಲ್ಲ. ಕನ್ನಡಿ ನೋಡಿದ. ಎರಡು ಬೆರಳು. ಆಚೆ ಕಡೆಗೆ ಹೊರಳಿಸಿದ. ಏಳಲಿಲ್ಲ. ಮತ್ತೆ ಎರಡು ಬೆರಳು. ಮಧ್ಯಾಹ್ನದ ಹೊತ್ತಿಗೆ ಅವನ ಅಂಗಿ ಬೆನ್ನಿಗಂಟಿತ್ತು, ಗೆಣ್ಣು ಸುಲಿದು ರಕ್ತ ಬಂದಿತ್ತು. ಪ್ರತಿ ಸಲವೂ ಕನ್ನಡಿಯತ್ತ ಎತ್ತುವ ಕಣ್ಣು ಮೊದಲಿನಂತೆ ಅಪ್ಪಣೆ ಮಾಡುತ್ತಿರಲಿಲ್ಲ, ಬೇಡುತ್ತಿತ್ತು. ಅವಳ ಕರುಳು ಚುರುಕ್ ಎನ್ನಲಿಲ್ಲ. ಎನ್ನುತ್ತದೇನೋ ಎಂದು ಅವಳೇ ಕಾದು ನೋಡಿದಳು.

“ಪಂಪು ನೀವು ಮುಟ್ಟೇ ಇರ್ಲಿಲ್ವಲ್ಲ ಮೇಸ್ತ್ರಿ,” ಎಂದಳು ಟೈರಿನ ಮೇಲೆ ಕೂತಿದ್ದ ಯಜಮಾನಿ. “ಮುಟ್ಟದೇ ಇರೋದು ಹೇಗೆ ಕೆಡ್ತು?”

ಎಂಜಿನ್ನಿಗೆ ಬಗ್ಗಿದ್ದ ಮೇಸ್ತ್ರಿಗೆ ಅವಳ ತುಟಿ ಕಾಣುವಂತಿರಲಿಲ್ಲ. ಉತ್ತರ ಬಾರದಿದ್ದಾಗ ಯಜಮಾನಿಯ ಹುಬ್ಬು ಗಂಟಾಯಿತು.

ಕೊನೆಗೆ ಅವನು ಸೋತು, ಪಂಪನ್ನು ಮೊದಲಿದ್ದ ಗುರುತಿಗೇ ತಂದು ಬಿಗಿದ. ಸೋಪು ಹಿಡಿದು ಅಂಗಳದ ಆಚೆ ತುದಿಯ ನಲ್ಲಿಯತ್ತ ನಡೆದ. ಗ್ರೀಸು ಬಿಡಿಸಲು ಅವನಿಗೆ ಕಾಲು ಗಂಟೆ ಬೇಕು. ಯಜಮಾನಿ ಮಾತಾಡಲೆಂದು ಹಿಂದೆಯೇ ಹೋದಳು.

ಮಗಳು ಇಳಿದಳು. ಪೈಪಿನ ಬೋಲ್ಟು ಬಿಚ್ಚಿ, ಡಬ್ಬಿಯಿಂದ ಹೊಸ ವಾಷರು ತೆಗೆದು ಕೂರಿಸಿ ಬಿಗಿದಳು. ಪೈಪಿನ ಗಾಳಿ ಹೊರಹಾಕಲು ಕೈಪಂಪು ಒತ್ತಿದಳು, ಮೊದಲು ನೊರೆ ಬಂತು, ಆಮೇಲೆ ನೊರೆಯಿಲ್ಲದ ಡೀಸೆಲ್. ಡ್ರೈವರಿಬ್ಬರೂ ಬಾಯಿ ತೆರೆದು ನೋಡುತ್ತಿದ್ದರು. ಅವಳು ಹತ್ತಿ ಕೂತು ಕೀಲಿ ಮುಟ್ಟಿದಳು. ಅರ್ಧ ಸುತ್ತಿಗೆ ರಾಕ್ಷಸ ಅಬ್ಬರಿಸಿಕೊಂಡು ಎದ್ದ.

ನಲ್ಲಿಯ ಬಳಿ ಮೇಸ್ತ್ರಿ ಬೆನ್ನು ತಿರುಗಿಸಿ ಮೊಣಕೈ ಉಜ್ಜಿಕೊಳ್ಳುತ್ತಿದ್ದ. “ಪಂಪ್ ಹೊರಗೆ ಕಳಿಸ್ಬೇಕು ಮೇಡಂ. ಎರಡು ದಿನ. ಅಲ್ಲಿ ತನಕ ಈ ಗಾಡಿ ಏಳಲ್ಲ, ಬರೆದುಕೊಡ್ತೀನಿ.”

ಯಜಮಾನಿ ಗುಡುಗುತ್ತಿದ್ದ ಲಾರಿಯನ್ನು ನೋಡಿದಳು, ಅವನ ಬೆನ್ನನ್ನು ನೋಡಿದಳು. “ಮೇಸ್ತ್ರಿ, ಗಾಡಿ ಎದ್ದಿದೆ.”

ಅವನು ಸೋಪು ಹಚ್ಚಿಕೊಳ್ಳುತ್ತಲೇ ಇದ್ದ.

ಗೊರಕೆಯ ನಿದ್ದೆ ಹಾರಿತ್ತು. ಅವನು ಹತ್ತಿರ ಹೋಗಿ ಮೇಸ್ತ್ರಿಯ ಬೆನ್ನ ಹಿಂದೆ ನಿಂತು ಕೂಗಿದ: “ಮೇಸ್ತ್ರಿ, ನಿಮ್ಮ ಪ್ಯಾಂಟಿಗೆ ಬೆಂಕಿ ಬಿದ್ದಿದೆ.”

“ಎರಡೇ ದಿನ ಮೇಡಂ,” ಎಂದ ಮೇಸ್ತ್ರಿ.

ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನಿ ಕ್ಯಾಬಿನ್ನಿನ ಬಾಗಿಲಿಗೆ ಬಂದಳು.

“ಎಷ್ಟು ದಿನದಿಂದ ಹೀಗೆ?”

“ಮೂರು ವರ್ಷ.”

“ಮತ್ತೆ ಇಷ್ಟು ದಿನ ಕೇಳಿಸ್ಕೊಳ್ತಿದ್ದೋರು?”

“ನಾನೇ.”

“ನಾಳೆಯಿಂದ ನಮ್ಮ ಶೆಡ್ಡಿಗೆ ಬಾ.”

ಮೇಸ್ತ್ರಿ ಕೈ ಕೊಡವುತ್ತ ತಿರುಗಿದ. ಹೊಗೆ ಕಂಡಿತು, ನಗುವ ಮುಖಗಳು ಕಂಡವು. ಏನು ನಡೆಯಿತೆಂದು ಕೇಳಲು ಅವನ ಕಣ್ಣು ಕನ್ನಡಿಗೆ ಓಡಿತು. ಮಗಳು ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲಿಟ್ಟು ನೇರ ಮುಂದೆ ನೋಡುತ್ತಿದ್ದಳು.

ಎಲ್ಲರೂ ನಗುತ್ತಿದ್ದಾರೆಂದ ಮೇಲೆ ನಗುವ ಸಂಗತಿಯೇ ಇರಬೇಕು ಎಂದುಕೊಂಡು ಅವನೂ ನಕ್ಕ. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿರಲು ಎಲ್ಲರಿಗಿಂತ ಜೋರಾಗಿ ನಕ್ಕ. ಕಣ್ಣು ಕನ್ನಡಿಯಲ್ಲೇ ನೆಟ್ಟಿದ್ದರಿಂದ, ಉಳಿದವರು ಯಾವಾಗ ನಗು ನಿಲ್ಲಿಸಿದರೋ ಅವನಿಗೆ ತಿಳಿಯಲಿಲ್ಲ.