ಬೇಲಿಯೊಳಗಿನ ಬಿಳಿ

ಹಣ್ಣು ಬೆಳೆಗಾರರ ಸಂಘದ ಕಚೇರಿ ಹಳೆಯ ವಿಂಗಡಣೆ ಶೆಡ್ಡಿನ ಅಟ್ಟದಲ್ಲಿತ್ತು. ಕೆಳಗೆ ಸೇಬು ಉರುಳಿಸುವ ಬೆಲ್ಟು ಕೆಟ್ಟು ಕೂತು ಎರಡು ಸುಗ್ಗಿ ಕಳೆದಿದ್ದರೂ ಅಟ್ಟದಲ್ಲಿ ಸೇಬಿನ ವಾಸನೆ, ರಟ್ಟಿನ ವಾಸನೆ ಹಾಗೇ ಇದ್ದವು. ಕಿಟಕಿ ಪಕ್ಕದ ಮೇಜು ಪುಟ್ಟಿಯದು. ವಯಸ್ಸು ಇಪ್ಪತ್ತಾರು ದಾಟಿದರೂ ಮನೆಯಲ್ಲೂ ಪುಟ್ಟಿ, ಸಂಘದಲ್ಲೂ ಪುಟ್ಟಿ. ಉಪಗ್ರಹದ ಚಿತ್ರಗಳನ್ನು ನೋಡಿ ಕಣಿವೆಯಲ್ಲಿ ಎಲ್ಲಿ ಯಾವ ಹಣ್ಣಿನ ತೋಟವಿದೆ ಎಂದು ನಕ್ಷೆ ಮಾಡುವುದು ಅವಳ ಕೆಲಸ.

ಆ ನಕ್ಷೆಗಾಗಿ ಎಲ್ಲರೂ ಕಾಯುತ್ತಿದ್ದರು. ಸಂಘ ಹೊಸ ಶೀತಲಗೃಹ ಕಟ್ಟಿಸಿ, ಹೊಸ ವಿಂಗಡಣೆ ಯಂತ್ರ ತರಿಸಬೇಕಿತ್ತು. ಎಷ್ಟು ಸೇಬು ಬರುತ್ತದೆ ಎಂಬುದರ ಮೇಲೆ ಎರಡರ ಗಾತ್ರ ನಿಂತಿತ್ತು. ಸೋಮವಾರದ ಸಭೆಯಲ್ಲಿ ನಕ್ಷೆ ತೋರಿಸುವುದು, ಅಲ್ಲೇ ಕೈ ಎತ್ತುವುದು, ಮಂಗಳವಾರ ಯಂತ್ರಕ್ಕೆ ಹೇಳಿಬಿಡುವುದು. ಹಿಂದಿನ ಸಭೆಯಲ್ಲೇ ಎಲ್ಲರೂ ಒಂದು ಸುತ್ತು ಕೈ ಎತ್ತಿಯಾಗಿತ್ತು: ಈ ಕಣಿವೆಯದು ಸೇಬು, ಮುಂದೂ ಸೇಬೇ. ಎತ್ತಿದ ಕೈಗಳಲ್ಲಿ ಪುಟ್ಟಿಯ ಅಪ್ಪನದು ಎಲ್ಲರಿಗಿಂತ ಎತ್ತರದಲ್ಲಿತ್ತು.

ಅದೇ ಅಪ್ಪ ತನ್ನ ತೋಟದ ಹೊಟ್ಟೆಯೊಳಗಿನ ಸೇಬು ಕಿತ್ತು ಚೆರ್ರಿ ನೆಟ್ಟು ನಾಲ್ಕು ವರ್ಷವಾಗಿತ್ತು. ಗೇಟಿನ ಬದಿ ಎರಡು ಸಾಲು, ಸುತ್ತ ಅಂಚಿಗೆ ಎರಡು ಸಾಲು ಸೇಬು ಉಳಿಸಿಕೊಂಡಿದ್ದ. ಕಣಿವೆಯಲ್ಲಿ ಗಾಳಿ ಜೋರಾದ್ದರಿಂದ ಪ್ರತಿ ತೋಟಕ್ಕೂ ಎರಡಾಳೆತ್ತರದ ಹಸಿರು ಬೇಲಿ. ಹೊರಗೆ ನಿಂತವನಿಗೆ ಒಳಗೆ ಆನೆ ಕಟ್ಟಿದ್ದರೂ ಕಾಣುತ್ತಿರಲಿಲ್ಲ.

ನಕ್ಷೆ ಕೆಲಸ ಶುರುವಾದ ದಿನವೇ ಅಪ್ಪ ಅವಳನ್ನು ಪಕ್ಕಕ್ಕೆ ಕರೆದಿದ್ದ.

"ನಮ್ಮ ತೋಟದ ಮಧ್ಯ ಸೇಬು ಅಂತಲೇ ಬಳಿ. ಒಂದು ತೋಟ ಹೆಚ್ಚುಕಮ್ಮಿ ಆದ್ರೆ ಯಂತ್ರ ಏನೂ ಸಾಯಲ್ಲ. ಮೀಸೆಗೆ ಗೊತ್ತಾದ್ರೆ ನಾಳೆನೇ ನೆಡ್ತಾನೆ ಅವನು."

ಮೀಸೆ ಎಂದರೆ ಕಣಿವೆಯ ಮೇಲ್ಭಾಗದ ತೋಟದವ. ಮೀಸೆ ಬೋಳಿಸಿ ಬಹಳ ಕಾಲವಾಗಿದ್ದರೂ ಹೆಸರು ಬೋಳಿಸಿಕೊಳ್ಳಲು ಆಗಿರಲಿಲ್ಲ. ಅಪ್ಪನಿಗೂ ಅವನಿಗೂ ಜಗಳವಿಲ್ಲ, ಸ್ನೇಹವೂ ಇಲ್ಲ. ಒಬ್ಬ ಕೊಂಬೆ ಸವರಿದರೆ ಇನ್ನೊಬ್ಬನಿಗೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೇ.

ಪುಟ್ಟಿ ಒಪ್ಪಿದ್ದಳು. ಒಂದೇ ತೋಟ ತಾನೆ ಅಂದುಕೊಂಡಳು. ಬೆಳೆಗಾರರ ಗೇಟು ಗೇಟಿಗೆ ಹೋಗಿ "ಏನಿದೆ?" ಎಂದು ಕೇಳಿದಳು. "ಸೇಬು" ಎಂದರು. ಗೇಟಿನಿಂದ ಕಂಡದ್ದೂ ಸೇಬೇ. ಅಲ್ಲೆಲ್ಲ ಸೇಬಿನ ಗುರುತು ಹಾಕಿದಳು. ತಮ್ಮ ತೋಟದ ಮಧ್ಯಕ್ಕೂ ಒಂದು ದೊಡ್ಡ ಗುರುತು ಹಾಕಿ ಸೇಬು ಎಂದು ಬರೆದಳು. ಈ ಗುರುತುಗಳನ್ನು ನೋಡಿ ಕಂಪ್ಯೂಟರ್ ಕಲಿಯುತ್ತದೆ. ಅದರ ಹಾಗೆ ಕಾಣುವುದನ್ನೆಲ್ಲ ಕಣಿವೆಯುದ್ದಕ್ಕೂ ಹುಡುಕಿ ಅದೇ ಬಣ್ಣ ಬಳಿಯುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅದು.

ನಕ್ಷೆ ಬಂತು. ಕಣಿವೆಯ ತೋಟಗಳೆಲ್ಲ ಅಂಚಿನಿಂದ ಅಂಚಿಗೆ ಕೆಂಪು. ಕೆಂಪೆಂದರೆ ಸೇಬು. ಕಾರ್ಯದರ್ಶಿ ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮೂಗು ತಾಗಿಸಿ ನೋಡಿದರು.

"ಭೇಷ್. ಮದುವೆ ಮನೆ ಜಮಖಾನ ಹಾಸಿದ ಹಾಗಿದೆ. ಸೋಮವಾರ ಇದನ್ನ ಗೋಡೆ ಮೇಲೆ ಬಿಟ್ರೆ ಸಾಕು, ಯಾರೂ ಉಸಿರೆತ್ತಲ್ಲ." ಆಮೇಲೆ ಏನೋ ನೆನಪಾಗಿ, "ಅಲ್ಲಮ್ಮಾ, ಗುರುತಿಗೆ ಯಾರ್ಯಾರ ತೋಟ ತಗೊಂಡಿದೀಯ?" ಎಂದರು.

"ತುಂಬ ಜನರದ್ದು ಸರ್. ನಮ್ಮನೇದೂ ಇದೆ."

"ಅದೊಂದು ತೆಗೆದುಬಿಡು. ಸಂಘದ ಹುಡುಗಿ ಅಪ್ಪನ ತೋಟ ನೋಡ್ಕೊಂಡು ಊರಿನ ನಕ್ಷೆ ಮಾಡಿದ್ಲು ಅಂತ ಮೀಸೆ ಎದ್ದು ನಿಂತ್ರೆ ಕೂರಿಸೋರು ಯಾರು? ತೆಗೆದು ಇನ್ನೊಂದು ಸಲ ಓಡಿಸು."

ಒಂದು ಗುರುತು ತೆಗೆದರೆ ಏನಾದೀತು ಎಂದು ಪುಟ್ಟಿ ತೆಗೆದಳು, ಓಡಿಸಿದಳು, ಚಹಾ ತರಲು ಕೆಳಗಿಳಿದಳು. ಲೋಟ ಹಿಡಿದು ಮರಳಿ ಬರುವಷ್ಟರಲ್ಲಿ ಜಮಖಾನ ಹರಿದುಹೋಗಿತ್ತು.

ಪ್ರತಿ ತೋಟದ ಅಂಚು ಮಾತ್ರ ಕೆಂಪು. ನಡುವೆ ಬೂದು. ಬೂದು ಎಂದರೆ ಕಂಪ್ಯೂಟರಿಗೆ ಗೊತ್ತಿಲ್ಲ ಎಂದರ್ಥ. ಸೇಬಲ್ಲ, ಕಾಡಲ್ಲ, ಹುಲ್ಲಲ್ಲ, ಮನೆಯಲ್ಲ. ಫೋಟೊ ಕಿತ್ತುಕೊಂಡ ಖಾಲಿ ಚೌಕಟ್ಟುಗಳನ್ನು ಕಣಿವೆ ತುಂಬ ಮಲಗಿಸಿದ ಹಾಗಿತ್ತು. ತಮ್ಮ ಮನೆಯದೊಂದೇ ಅಲ್ಲ. ಮೀಸೆಯದು. ಜೇನು ಸಾಕುವ ಜೇನಕ್ಕನದು. ಹೊಳೆಯಾಚೆಯ ಅಣ್ಣತಮ್ಮಂದಿರದು, ಅವರಿಬ್ಬರದು ಬೇರೆ ಬೇರೆ ಚೌಕಟ್ಟು.

ಲೋಟ ಮೇಜಿನ ಮೇಲಿಟ್ಟು, ಸೇಬಿನ ಮರ ಇನ್ನೂ ಬೋಳಾಗಿರುವ ವಸಂತದ ಮೊದಲ ವಾರಗಳ ಚಿತ್ರ ತೆಗೆದಳು. ಸೇಬಿಗಿಂತ ಎಷ್ಟೋ ಮುಂಚೆ ಚೆರ್ರಿ ಹೂಬಿಡುತ್ತದೆ. ತಮ್ಮ ತೋಟದ ಮಧ್ಯ ಬೆಳ್ಳಗಿತ್ತು. ಅದು ಅವಳಿಗೆ ಗೊತ್ತಿದ್ದದ್ದೇ. ಚಿತ್ರವನ್ನು ಪಕ್ಕಕ್ಕೆ ಜರುಗಿಸಿದಳು. ಬೆಳ್ಳಗೆ. ಮೇಲಕ್ಕೆ ಜರುಗಿಸಿದಳು. ಬೆಳ್ಳಗೆ. ಅವಳು ತಮ್ಮ ತೋಟದ ಚೆರ್ರಿಯನ್ನು ಸೇಬು ಎಂದು ಹೇಳಿಕೊಟ್ಟದ್ದಕ್ಕೆ ಕಂಪ್ಯೂಟರ್ ವಿಧೇಯವಾಗಿ ಊರಿನ ಚೆರ್ರಿಯನ್ನೆಲ್ಲ ಸೇಬು ಮಾಡಿಬಿಟ್ಟಿತ್ತು.

ಅವಳಿಗೆ ಮೊದಲು ಬಂದದ್ದು ನಗು. ಒಬ್ಬಳೇ ಕೂತು ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ನಗು ನಿಂತಿತು. ಇದು ಗೊತ್ತಾಗದೆ ಸೋಮವಾರ ಕೆಂಪು ನಕ್ಷೆ ಗೋಡೆ ಮೇಲೆ ಬಿದ್ದಿದ್ದರೆ ಸೇಬಿಗೆಂದೇ ದೊಡ್ಡ ಯಂತ್ರ ಬರುತ್ತಿತ್ತು. ಮುಂದಿನ ಬೇಸಿಗೆಗೆ ಕಣಿವೆಯ ಚೆರ್ರಿಯೆಲ್ಲ ಮೊದಲ ಸಲ ಮೈತುಂಬ ಹಣ್ಣಾಗುತ್ತಿತ್ತು. ಸೇಬು ಶೀತಲಗೃಹದಲ್ಲಿ ಆರು ತಿಂಗಳು ಮಲಗಿದರೂ ಏಳುತ್ತದೆ. ಚೆರ್ರಿ ಕಿತ್ತ ದಿನವೇ ತಣ್ಣಗಾಗದಿದ್ದರೆ ಕೊಳೆಯುತ್ತದೆ. ಸೇಬಿನ ಯಂತ್ರಕ್ಕೆ ಹಾಕಿದರೆ ಆ ಕಡೆಯಿಂದ ರಸ ಬರುತ್ತದೆ. ನಕ್ಷೆಯ ಕೆಳಗೆ ಸಹಿ ಅವಳದು.

ಸಂಜೆ ಅಪ್ಪ ಹಿತ್ತಲಲ್ಲಿ ಕೂತು ಸವರುಗತ್ತರಿ ಮಸೆಯುತ್ತಿದ್ದ. ಅಮ್ಮ ಬಟ್ಟೆ ತೆಗೆಯುತ್ತಿದ್ದಳು. ಪುಟ್ಟಿ ನಿಂತುಕೊಂಡೇ ಹೇಳಿ ಮುಗಿಸಿದಳು.

ಅಪ್ಪ ಮಸೆಯುವುದನ್ನು ನಿಲ್ಲಿಸಿದ. "ಮೀಸೆನೂ?"

"ಮೀಸೆ ಮಾವಂದು ನಮ್ಮದಕ್ಕಿಂತ ದೊಡ್ಡದಿದೆ."

"ಸುಳ್ಳು."

"ಆಕಾಶದಿಂದ ತೆಗೆದಿದ್ದು ಅಪ್ಪ. ಅದಕ್ಕೆ ಮೀಸೆ ಮಾವ ಏನು ನೆಂಟನಾ?"

"ನರ್ಸರಿಯವನು ಆಣೆ ಇಟ್ಟು ಹೇಳಿದ್ದ ಕಣೇ! ಈ ಕಣಿವೇಲಿ ನಿಮಗೊಬ್ಬರಿಗೇ ಸಸಿ ಕೊಡ್ತಿರೋದು ಅಂತ."

"ಪಾಪ, ಅವನು ಎಲ್ಲರಿಗೂ ಒಬ್ಬರಿಗೇ ಕೊಟ್ಟಿದಾನೆ," ಎಂದಳು ಅಮ್ಮ. "ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿಯುತ್ತೆ ಅಂತಾರೆ. ಇಲ್ಲಿ ಊರಿನ ಬೆಕ್ಕೆಲ್ಲ ಒಂದೇ ಪಾತ್ರೆಗೆ ಬಾಯಿ ಹಾಕಿವೆ."

ಗುಟ್ಟು ಹೊರಬಿದ್ದದ್ದಕ್ಕಿಂತ ತಾನೊಬ್ಬನೇ ಜಾಣನಲ್ಲ ಎಂಬುದು ಅಪ್ಪನನ್ನು ಹೆಚ್ಚು ಚುಚ್ಚಿತ್ತು. ಮುಖ ಹುಳ್ಳಗಾಗಿತ್ತು. ಕತ್ತರಿಯ ಅಲಗನ್ನು ಬೆರಳಿಂದ ಸವರುತ್ತ, "ಕೆಂಪು ನಕ್ಷೆನೇ ತೋರ್ಸು," ಎಂದ. "ಉಳಿದವರು ಏನಾದ್ರೂ ಮಾಡ್ಕೊಳ್ಳಿ. ನಾನು ಎಲ್ಲರಿಗಿಂತ ಮುಂಚೆ ವ್ಯಾನ್ ತುಂಬ್ಕೊಂಡು ಪೇಟೆಗೆ ಹೋಗ್ತೀನಿ."

"ಅವರೂ ಅದೇ ಅಂದ್ಕೊಂಡಿದಾರೆ. ಊರಿಂದಾಚೆ ಇರೋ ಸೇತುವೆ ಒಂದೇ. ಅಷ್ಟೂ ವ್ಯಾನ್ ಅದರ ಮೇಲೆ ನಿಂತಿರ್ತವೆ, ಒಳಗೆ ಹಣ್ಣು ಕೊಳೀತಿರುತ್ತೆ."

"ಸಭೇಲಿ ನನ್ನ ಮಾನ ಕಳೀತೀಯ?"

"ನಿನ್ನ ಜೊತೆ ನಂದೂ ಹೋಗುತ್ತೆ. ಸುಳ್ಳು ಗುರುತು ಹಾಕಿದ್ದು ನಾನು." ಪುಟ್ಟಿ ಚಪ್ಪಲಿ ಕಳಚಿದಳು. "ಕೇಳೋಕೆ ಬಂದಿಲ್ಲಪ್ಪ. ಹೇಳೋಕೆ ಬಂದೆ."

ಅಪ್ಪ ಮತ್ತೆ ಕತ್ತರಿ ಮಸೆಯತೊಡಗಿದ. ಊಟಕ್ಕೆ ಮಾತ್ರ ಬಂದ. ಎಂಥ ಸಿಟ್ಟಿದ್ದರೂ ಊಟ ಬಿಡುವ ಜಾಯಮಾನ ಅವನದಲ್ಲ.

ಸೋಮವಾರ ಶೆಡ್ಡಿನಲ್ಲಿ ಬೆಲ್ಟಿನ ಸುತ್ತ ಕುರ್ಚಿ ಹಾಕಿದ್ದರು. ಬೆಳಿಗ್ಗೆ ಪುಟ್ಟಿ ಎಲ್ಲವನ್ನೂ ಹೇಳಿದ್ದರಿಂದ ಕಾರ್ಯದರ್ಶಿಯ ಕನ್ನಡಕ ಹಣೆಯಿಂದ ಇಳಿದೇ ಇರಲಿಲ್ಲ. "ತೋರಿಸಮ್ಮ. ಬಂದದ್ದು ಬರಲಿ," ಎಂದಷ್ಟೇ ಅಂದಿದ್ದರು. ಅಪ್ಪ ಹಿಂದಿನ ಸಾಲಿನಲ್ಲಿದ್ದ. ನರ್ಸರಿಯವನು ಎಂದಿನಂತೆ ಬಾಗಿಲ ಬಳಿ.

ಪುಟ್ಟಿ ಮೊದಲು ಒಂದೇ ಒಂದು ಚೌಕಟ್ಟನ್ನು ಗೋಡೆಗೆ ಬಿಟ್ಟಳು.

"ಇದು ನಮ್ಮ ಮನೆ ತೋಟ. ಮಧ್ಯ ಬೆಳ್ಳಗಿರೋದು ಚೆರ್ರಿ ಹೂವು. ಅದನ್ನ ನಾನು ಗೊತ್ತಿದ್ದೂ ಸೇಬು ಅಂತ ಗುರುತು ಹಾಕಿದ್ದೆ. ತಪ್ಪು ನಂದು. ಇವತ್ತು ಸರಿ ಮಾಡಿದೀನಿ."

ಮೀಸೆ ತೊಡೆ ತಟ್ಟಿಕೊಂಡು ನಕ್ಕ. "ನೋಡ್ರಪ್ಪಾ ನಮ್ಮ ಸೇಬಿನ ಹರಿಶ್ಚಂದ್ರನ್ನ! ಹೋದ ಸಲ ಎರಡು ಕೈ ಎತ್ತಿದ್ದ!"

ಪುಟ್ಟಿ ಪೂರ್ತಿ ಕಣಿವೆಯ ಚಿತ್ರವನ್ನೇ ಗೋಡೆಗೆ ಬಿಟ್ಟಳು.

ಮೀಸೆಯ ನಗು ಅರ್ಧಕ್ಕೇ ನಿಂತಿತು. ಶೆಡ್ಡಿನಲ್ಲಿ ಯಾರೋ ಕುರ್ಚಿ ಸರಿಸಿದರು. ಎಲ್ಲರೂ ಮೊದಲು ತಮ್ಮ ತೋಟ ಹುಡುಕಿದರು, ಆಮೇಲೆ ಪಕ್ಕದವರದ್ದು, ಆಮೇಲೆ ಪಕ್ಕದವರ ಮುಖ.

"ನಗು ಮೀಸೆ," ಎಂದ ಅಪ್ಪ ಹಿಂದಿನಿಂದ. "ಯಾಕೆ ನಿಲ್ಲಿಸ್ದೆ?"

"ಅದು ಮೋಡ ಇರ್ಬೇಕು," ಎಂದ ಹೊಳೆಯಾಚೆಯ ಅಣ್ಣ.

"ನಿಮ್ಮ ಬೇಲಿ ಅಳತೆ ತಗೊಂಡು ಹೊಲಿಸಿದ ಮೋಡವಾ?" ಎಂದರು ಕಾರ್ಯದರ್ಶಿ.

ಅವನ ತಮ್ಮ ಅವನನ್ನೇ ದುರುಗುಟ್ಟಿ ನೋಡುತ್ತಿದ್ದ. "ಅಣ್ಣಾ, ನನಗೂ ಹೇಳ್ಲಿಲ್ವಲ್ಲೋ!"

"ನೀನು ಹೇಳಿದ್ಯಾ?"

ಅಷ್ಟರಲ್ಲಿ ನರ್ಸರಿಯವನು ಬಾಗಿಲಿಂದ ಅರ್ಧ ಹೊರಗೆ ಹೋಗಿದ್ದ. ಜೇನಕ್ಕ ಅವನ ತೋಳು ಹಿಡಿದು ಒಳಗೆಳೆದಳು.

"ಎಲ್ಲಿಗೆ ಮಹರಾಯ? ನಿಮಗೊಬ್ಬರಿಗೇ ಕೊಡ್ತಿರೋದು ಅಕ್ಕಾ ಅಂದಿದ್ಯಲ್ಲ!"

"ಯಾರಿಗೂ ಹೇಳ್ಬೇಡ ಅಂದವರು ನೀವು," ಎಂದ ಅವನು ಬೆವರೊರೆಸಿಕೊಳ್ಳುತ್ತ. "ಎಲ್ಲರೂ ಹಾಗೇ ಅಂದ್ರಿ. ನಾನು ಯಾರಿಗಾದ್ರೂ ಹೇಳಿದೀನಾ? ಹೇಳಿ ನೋಡೋಣ. ಕೊಟ್ಟ ಮಾತು ಉಳಿಸ್ಕೊಂಡಿದೀನಿ."

ಮೊದಲು ನಕ್ಕವಳು ಜೇನಕ್ಕ. ಆಮೇಲೆ ಶೆಡ್ಡೇ ನಕ್ಕಿತು. ಮೀಸೆಯೂ ನಕ್ಕ, ಸ್ವಲ್ಪ ತಡವಾಗಿ. ನಂತರ ಜಗಳವಾಯಿತು. ಯಾರು ಮೊದಲು ನೆಟ್ಟರು, ಯಾರು ಯಾರನ್ನು ನೋಡಿ ನೆಟ್ಟರು ಎಂದು ಕೂಗಾಡಿದರು. ಪುಟ್ಟಿ ಕಾದಳು. ಗಂಟಲು ಸೋತ ಮೇಲೆ ಇನ್ನೊಂದು ನಕ್ಷೆ ತೋರಿಸಿದಳು. ಕೆಳಗಿನ ತೋಟಗಳಲ್ಲಿ ಮೊದಲು ಹೂವು, ಮೇಲಿನವುಗಳಲ್ಲಿ ಒಂದೆರಡು ವಾರ ತಡ. ಹಣ್ಣೂ ಅದೇ ಸರದಿಯಲ್ಲಿ ಬರುತ್ತದೆ. ತಣ್ಣಗೆ ಮಾಡುವ ಕೋಣೆ ಒಂದಿದ್ದರೆ, ಕೆಳಗಿನಿಂದ ಮೇಲಕ್ಕೆ ಸರದಿ ಹಿಡಿದು ಕಿತ್ತರೆ, ಎಲ್ಲರ ಚೆರ್ರಿಗೂ ಅದೇ ಸಾಕು. ಸೇಬಿಗೆ ಸಣ್ಣ ಯಂತ್ರ ಸಾಕು.

"ಮೊದಲು ಯಾರದ್ದು?" ಎಂದು ಅಪ್ಪ ಕೇಳಿದ. ಸಭೆಗೆ ಬಂದ ಮೇಲೆ ಮಗಳನ್ನು ನೋಡಿ ಅವನಾಡಿದ ಮೊದಲ ಮಾತು ಅದು.

"ಜೇನಕ್ಕಂದು. ಆಮೇಲೆ ನಮ್ಮದು."

"ಎರಡನೇದಾ," ಎಂದ ಅಪ್ಪ. ಮೀಸೆಯ ತೋಟ ಕೊನೆಯಿಂದ ಮೂರನೆಯದು ಎಂದು ನೋಡಿಕೊಂಡು ಆರಾಮಾಗಿ ಕಾಲು ಚಾಚಿದ.

ಕೈ ಎತ್ತಿದರು. ದೊಡ್ಡ ಯಂತ್ರ ಬಿದ್ದುಹೋಯಿತು, ತಣ್ಣನೆ ಕೋಣೆ ಗೆದ್ದಿತು. ಕಾರ್ಯದರ್ಶಿ ಪುಟ್ಟಿಗೆ ಎಲ್ಲರ ಎದುರು ಒಂದು ಬೈಗುಳ ಕೊಟ್ಟರು, ಕೊಡಲೇಬೇಕಿತ್ತು. ಈ ಸಲ ಗೇಟಿನಲ್ಲಿ ನಿಂತು ಕೇಳಬೇಡ, ಬೆಳೆಗಾರರನ್ನೇ ಮೇಜಿಗೆ ಕರೆಸಿ ಪೂರ್ತಿ ಗುರುತು ಹಾಕಿಸು ಎಂದರು.

ಮರುದಿನದಿಂದ ಅಟ್ಟದ ಮೆಟ್ಟಿಲಲ್ಲಿ ಸಾಲು. ಒಮ್ಮೆ ಬಾಯಿ ಬಿಟ್ಟವರಿಗೆ ಮುಚ್ಚಲು ಮನಸ್ಸೇ ಇರಲಿಲ್ಲ. ಒಬ್ಬ ಮೂಲೆಯಲ್ಲಿ ಪೀಚ್ ಇದೆ ಎಂದ, ಇನ್ನೊಬ್ಬ ಬೂದು ಬಿದ್ದಿರುವುದು ಹೆಂಡತಿ ಹಾಕಿದ ಹೂವಿನ ಮಡಿ ಎಂದ. ಪುಟ್ಟಿ ಕೇಳುತ್ತ, ಗುರುತು ಹಾಕುತ್ತ ಹೋದಳು. ಕೆಲಸ ಶುರುವಾದಾಗಿನಿಂದ ಅವಳ ನಕ್ಷೆ ಇಷ್ಟು ಸೊಗಸಾಗಿ ಬಂದದ್ದೇ ಇಲ್ಲ.

ಮಧ್ಯಾಹ್ನ ಮೀಸೆ ಬಂದು ಸ್ಟೂಲಿನ ಮೇಲೆ ಕೂತ. ಅಪ್ಪ ಅವಳಿಗೆ ಊಟದ ಡಬ್ಬಿ ತಂದಿದ್ದವನು ಹೋಗದೆ ಹಿಂದೆ ನಿಂತ. ಮೀಸೆ ಪರದೆಯ ಮೇಲೆ ಬೆರಳಿಟ್ಟ.

"ಇಲ್ಲಿಂದ ಇಲ್ಲೀತನಕ ಚೆರ್ರಿ. ಈ ತುದೀಲಿ ಇಲ್ಲ. ಸತ್ತುಹೋದ್ವು. ಬರೀ ಹುಲ್ಲು."

"ನೀರು ನಿಂತಿತ್ತಾ?" ಎಂದು ಅಪ್ಪ ಕೇಳಿದ.

"ನಿಂತಿತ್ತು."

"ನೆಡೋ ಮುಂಚೆ ಕಾಲುವೆ ತೆಗಿಬೇಕಿತ್ತು. ನಂದೂ ಮೊದಲ ವರ್ಷ ಹಾಗೇ ಹೋಗಿತ್ತು. ಕೇಳಿದ್ರೆ ಹೇಳ್ತಿದ್ದೆ."

ಮೀಸೆ ತಿರುಗಿ ಅವನನ್ನು ನೋಡಿದ. "ಹೇಗೆ ಕೇಳ್ಲಿ ಮಾರಾಯ? ನಮ್ಮಿಬ್ಬರ ಹತ್ರಾನೂ ಚೆರ್ರಿನೇ ಇರ್ಲಿಲ್ವಲ್ಲ."

ಪುಟ್ಟಿ ಆ ತುದಿಗೆ ಹುಲ್ಲು ಎಂದು ಬರೆದಳು.