ಎರಡು ಹಿಡಿಯ ಹತ್ತರಿಯ ದೂರು

ಟಕ್.

ಮಧ್ಯರಾತ್ರಿಯ ರೈಲು ಹೋಗಿ ಬಹಳ ಹೊತ್ತಾಗಿತ್ತು. ಮಂಗಳಾ ಶೆಟರ್ ಎಳೆದು ಮನೆಗೆ ಹೋಗಿದ್ದಳು. ಬೆರಳಿನ ನೆಟಿಗೆ ಮುರಿದಷ್ಟೇ ಸಣ್ಣ ಸದ್ದು. ಇಲಿಯದಲ್ಲ, ಹಲ್ಲಿಯದಲ್ಲ. ಹೊಸ ಮೇಜಿನ ಹಲಗೆ ಸೀಳಿದ್ದು. ಹಸಿ ಮರ ಒಣಗುವಾಗ ಹೀಗೇ ಸೀಳುತ್ತದೆ. ಹದಿನೈದು ದಿನ ಮೊದಲೇ ನಾನು ನನ್ನ ರೀತಿಯಲ್ಲಿ ಹೇಳಿದ್ದೆ. ಕೇಳುವವರು ಯಾರು?

ನಾನು ಒಂದು ಹತ್ತರಿ. ಮರದ ಮೈ ಹೆರೆದು ನಯ ಮಾಡುವುದು ನನ್ನ ಕೆಲಸ. ನಲವತ್ತು ವರ್ಷದ ಹಿಂದೆ ಅರಸೀಕೆರೆಯ ಬಡಗಿ ಮೋನಾಚಾರಿಯವರು ಜಾಲಿ ಮರದಲ್ಲಿ ನನ್ನನ್ನು ಕಡೆದರು. ಹಳೆಯ ಲಾರಿಯ ಕಮಾನು ಪಟ್ಟಿಯನ್ನು ಕಾಯಿಸಿ ಬಡಿದು ಅಲಗು ಕೂರಿಸಿದರು. ನಾನು ಉದ್ದ, ಭಾರ. ಅದಕ್ಕೇ ನನಗೆ ಎರಡು ಹಿಡಿ. ಹಿಂದಿನದನ್ನು ಒಬ್ಬರು ನೂಕಬೇಕು, ಮುಂದಿನ ಅಡ್ಡಹಿಡಿಯನ್ನು ಇನ್ನೊಬ್ಬರು ಎಳೆಯಬೇಕು.

ಹಿಂದೆ ಮೋನಾಚಾರಿಯವರು, ಮುಂದೆ ಅವರ ಮಗಳು ಮಂಗಳಾ. ಮಗ ಬ್ರಹ್ಮಾನಂದನಿಗೆ ಮರದ ಪುಡಿ ತಾಗಿದರೆ ಸೀನು. ಅವನು ಅಂಗಡಿ ಬಾಗಿಲಲ್ಲಿ ಕೂತು ಗಿರಾಕಿಗಳ ಜೊತೆ ಮಾತಾಡುತ್ತಿದ್ದ. ಮಂಗಳಾ ಮದುವೆಯಾಗುವವರೆಗೂ ಎಳೆದಳು, ಹಿಂದೆ ಹಿಂದೆ ಹೆಜ್ಜೆಯಿಡುತ್ತ. ಊರಿನ ಎಷ್ಟೋ ಬಾಗಿಲುಗಳಲ್ಲಿ ಅರ್ಧ ಬಲ ಅವಳದು. ಗಿರಾಕಿಗಳು ಮಾತ್ರ "ಆಚಾರ್ರೇ, ನಿಮ್ಮ ಕೈಯಲ್ಲಿ ಬ್ರಹ್ಮನೇ ಇದಾನೆ" ಎಂದು ಹಿಂದಿನವರನ್ನು ಹೊಗಳಿ ಹೋಗುತ್ತಿದ್ದರು. ಎಳೆದವಳ ಕಡೆ ಒಬ್ಬರೂ ನೋಡಲಿಲ್ಲ.

ಮೋನಾಚಾರಿಯವರು ತೀರಿಕೊಂಡ ಮೇಲೆ ಆಯುಧಗಳೆಲ್ಲ ಮಗನ ಪಾಲಾದವು. ಹೆಣ್ಣುಮಗಳಿಗೆ ಆಯುಧವೇಕೆ? ಬ್ರಹ್ಮಾನಂದ ಕರೆಂಟಿನ ಯಂತ್ರ ತಂದ. ನನ್ನನ್ನು ಏನು ಮಾಡಿದ ಗೊತ್ತೇ? ಗಾಳಿಗೆ ಬಾಗಿಲು ಬಡಿಯದಂತೆ ಒತ್ತು ಕೊಟ್ಟ. ಒಂಬತ್ತು ವರ್ಷ! ಆಯುಧಪೂಜೆಯ ದಿನ ಕುಂಕುಮ, ಹೂವು. ಮಾರನೆಯ ದಿನ ಮತ್ತೆ ಬಾಗಿಲ ಸಂದಿ, ಬಂದುಹೋಗುವವರ ಕಾಲು. ಅಂಥ ಪೂಜೆ ಯಾರಿಗೆ ಬೇಕಿತ್ತು?

ಕಳೆದ ವರ್ಷ ಮಂಗಳಾ ಬಂದಳು. ಮೇಜು ಕುರ್ಚಿ ಮಾಡುವ ತನ್ನದೇ ಪುಟ್ಟ ಕಾರ್ಯಾಗಾರಕ್ಕೆಂದು ನಿಂತುಹೋದ ಹಿಟ್ಟಿನ ಗಿರಣಿಯೊಂದನ್ನು ಬಾಡಿಗೆಗೆ ಹಿಡಿದಿದ್ದಳು. ಯಂತ್ರಕ್ಕೆ ಬೇಕಾದ ತ್ರೀ ಫೇಸ್ ಕರೆಂಟು ಅಲ್ಲಿ ಮೊದಲೇ ಇತ್ತು.

"ಅಣ್ಣಾ, ನಿನ್ ಬಾಗ್ಲಿಗೆ ಒಂದು ಕಲ್ಲು ತಂದ್ಕೊಡ್ತೀನಿ. ಇದನ್ನ ನಂಗೆ ಕೊಡು."

"ತಗೊಂಡೋಗವ್ವ. ಮೂಲೇಲಿಟ್ಟು ಮಂಗಳಾರತಿ ಎತ್ತು!"

ಅವಳು ವಾರವಿಡೀ ಗೋಡೆಯ ಬಿರುಕುಗಳಿಂದ ಹಿಟ್ಟು ಗುಡಿಸಿದಳು. ನೆಲ ಮಟ್ಟ ಮಾಡಿಸಿದಳು. ಬೆಳಕು ಬೀಳುವ ಕಿಟಕಿಯ ಬಳಿ ಕೆಲಸದ ಮೇಜು ಹಾಕಿ, ಗೋಡೆಗೆ ಉಳಿಗಳನ್ನು ಸಾಲಾಗಿ ತೂಗುಹಾಕಿದಳು. ಒಂದು ಸಂಜೆ ಪೂರ್ತಿ ಕೂತು ನನ್ನ ಅಲಗು ಮಸೆದಳು.

ಮೊದಲ ಕೆಲಸ ಕೊಟ್ಟವರು ನಿವೃತ್ತ ಮುಖ್ಯೋಪಾಧ್ಯಾಯಿನಿ ಫಿಲೋಮಿನಾ ಟೀಚರ್. ಎಂಟು ಜನ ಕೂರುವ ಹೊನ್ನೆ ಮರದ ಮೇಜು, ಕ್ರಿಸ್‌ಮಸ್ಸಿಗೆ ಬೇಕು. ಅದು ಕೆಟ್ಟರೆ ಎರಡನೆಯ ಕೆಲಸ ಬರುವುದಿಲ್ಲ. ಹೆಂಗಸು ಮಾಡಿದ ಮೇಜೆಂದು ಆಡಿಕೊಳ್ಳಲು ಬೀದಿಯೇ ಕಾಯುತ್ತಿತ್ತು.

ಮರ ಕೊಟ್ಟವನು ಬ್ರಹ್ಮಾನಂದ. ಮಂಗಳಾ ಒಬ್ಬಳೇ ಕಷ್ಟಪಟ್ಟು ನೂಕಿ ಅಲಗು ತಾಗಿಸಿದ ಕೂಡಲೇ ನನಗೆ ತಿಳಿಯಿತು. ಒಣ ಮರದ ಸುರುಳಿ ಗರಿಗರಿಯಾಗಿ ಹಾರುತ್ತದೆ. ಇದು ತೊಯ್ದ ಕಾಗದದಂತೆ ನನ್ನ ಬಾಯಲ್ಲೇ ಸಿಕ್ಕಿಕೊಂಡಿತು. ಮಂಗಳಾ ಅದನ್ನು ಹಿಸುಕಿ, ಕೆನ್ನೆಗೆ ತಾಗಿಸಿ ನೋಡಿದಳು.

"ಅಣ್ಣಾ, ಮರ ಹಸಿ ಇದೆ ಅನ್ಸುತ್ತೆ."

"ಮೂರು ವರ್ಷ ಒಣಗಿದ ಮಾಲು ಕಣೇ! ಅಪ್ಪನ ಮುಂದೆ ನಿಂತು ಹತ್ತರಿ ಎಳ್ದೋಳು, ನಂಗೇ ಮರ ಕಲಿಸ್ತೀಯಾ?"

ಅವಳು ಸುರುಳಿಯನ್ನು ನೆಲಕ್ಕೆ ಬಿಟ್ಟಳು. ಕೆಲಸ ಮುಂದುವರಿಸಿದಳು. ನನಗೆ ಬಂದ ಸಿಟ್ಟಿಗೆ ಅಲಗೇ ಕಳಚಿ ಬೀಳಬೇಕಿತ್ತು.

ಆಮೇಲೆ ಆ ಸದ್ದು. ಬೆಳಿಗ್ಗೆ ನೋಡಿದರೆ ಹಲಗೆಯ ನಡುವೆ ಮೊಳದುದ್ದ ಸೀಳು.

"ಮರದ ಪುಡಿಗೆ ಅಂಟು ಕಲಸಿ ತುಂಬು, ಮೇಲೆ ಪಾಲಿಶ್ ಹೊಡಿ," ಎಂದ ಬ್ರಹ್ಮಾನಂದ. "ಟೀಚರಮ್ಮ ಏನು ಭೂತಗನ್ನಡಿ ಹಿಡ್ಕೊಂಡು ಊಟಕ್ಕೆ ಕೂರ್ತಾರಾ?"

ಮಂಗಳಾ ಟೀಚರಿಗೇ ಫೋನ್ ಮಾಡಿ ಕರೆಸಿದಳು. ಅವರು ಸೀಳಿನ ಮೇಲೆ ಬೆರಳಾಡಿಸಿ, "ಮರ ಯಾರು ಕೊಟ್ಟಿದ್ದಮ್ಮ?" ಎಂದರು. ಅಣ್ಣ ಗೋಡೆಯ ಉಳಿಗಳನ್ನು ಎಣಿಸತೊಡಗಿದ.

"ತಪ್ಪು ನಂದೇ ಟೀಚರ್. ನನ್ನ ಕೈಗೆ ಗೊತ್ತಾಗಿತ್ತು. ನಾನೇ ಕೈ ಮಾತು ಕೇಳ್ಲಿಲ್ಲ."

ಟೀಚರ್ ಅವಳನ್ನೇ ನೋಡಿದರು. "ಕ್ರಿಸ್‌ಮಸ್ಸಿಗೆ ಹತ್ತು ದಿನ ಇದೆ. ಬೇರೆ ಮಾಡ್ತೀಯಾ?"

"ಮಾಡ್ತೀನಿ."

ಅವರು ಹೋದ ಮೇಲೆ ಅಣ್ಣ ನಕ್ಕ. "ಒಣಮರ ಏನು ಮೇಲಿಂದ ಬೀಳುತ್ತಾ?"

ಮಂಗಳಾ ತಲೆಯೆತ್ತಿದಳು. ಗಿರಣಿಯ ಅಟ್ಟಕ್ಕೆ ಹಾಕಿದ್ದ ಹೊನ್ನೆ ತೊಲೆಗಳು ಐವತ್ತು ವರ್ಷದಿಂದ ಅಲ್ಲೇ ಒಣಗುತ್ತಿದ್ದವು. ಅಟ್ಟ ಬಿಚ್ಚಲು ಮಾಲೀಕರು ಮೊದಲೇ ಒಪ್ಪಿದ್ದರು.

"ಬೀಳುತ್ತೆ," ಎಂದಳು.

ತೊಲೆಗಳು ಸಾಮಿಲ್ಲಿಗೆ ಹೋಗಿ ಹಲಗೆಗಳಾಗಿ ಬಂದವು. ಈ ಸಲ ಸುರುಳಿ ಗರಿಗರಿಯಾಗಿ ಹಾರಿತು, ರಾಗಿಹಿಟ್ಟಿನ ವಾಸನೆ ಹೊತ್ತು. ಆದರೆ ಜೋಡಿಸಿದ ಹಲಗೆಯ ಅಗಲ ಯಂತ್ರಕ್ಕೆ ಹಿಡಿಸುತ್ತಿರಲಿಲ್ಲ, ಒಬ್ಬಳೇ ಹೆರೆದರೆ ದಿನ ಸಾಲುತ್ತಿರಲಿಲ್ಲ.

"ಅಣ್ಣಾ, ಮುಂದೆ ಹಿಡ್ಕೊ."

ಬ್ರಹ್ಮಾನಂದ ಬೀದಿಯ ಕಡೆ ನೋಡಿದ. ಎದ್ದು ಹೋಗಿ ಶೆಟರ್ ಎಳೆದ. ಆಮೇಲೆ ಬಂದು ಅಡ್ಡಹಿಡಿ ಹಿಡಿದ! ನಾಲ್ಕು ದಿನ ಹಾಗೇ: ಶೆಟರ್ ಕೆಳಗೆ ಬರುವುದು, ಅವನು ಸೀನುತ್ತ ಹಿಂದೆ ಹಿಂದೆ ನಡೆಯುವುದು, ಮಂಗಳಾ ನೂಕುವುದು. ಕೊನೆಯ ದಿನ ಅವನು ಬೊಬ್ಬೆಯೆದ್ದ ಅಂಗೈ ನೋಡಿಕೊಂಡ.

"ಇಷ್ಟು ವರ್ಷ ಹೆಂಗೆ ಎಳೆದ್ಯೇ?"

ಅವಳು ಸುರುಳಿಗಳನ್ನು ಗುಡಿಸತೊಡಗಿದಳು.

ಮೇಜು ಹೊತ್ತಿಗೆ ಸರಿಯಾಗಿ ಹೋಯಿತು. ಈಗ ಕೆಲಸಗಳು ಬರುತ್ತಿವೆ. ನನ್ನ ಅಲಗು ಸವೆದು ಎರಡು ಬೆರಳಷ್ಟೇ ಉಳಿದಿದೆ. ದೊಡ್ಡ ಹಲಗೆಯಿದ್ದರೆ ಮಾತ್ರ ಕೆಳಗಿಳಿಯುತ್ತೇನೆ, ಉಳಿದಂತೆ ಕಿಟಕಿಯ ಗೂಡಿನಲ್ಲಿ ವಿಶ್ರಾಂತಿ. ಆದರೂ ಸಿಟ್ಟು ಸವೆದಿಲ್ಲ. ಮೊನ್ನೆ ಮಂಗಳಾ ನನ್ನನ್ನು ಒರೆಸುತ್ತಿದ್ದಾಗ ಹೊಸ ಗಿರಾಕಿಯೊಬ್ಬರು ಬಂದು, "ಟೀಚರ್ ಮೇಜಿನ ಮರ ಆರಿಸಿಕೊಟ್ಟಿದ್ದು ನಿಮ್ಮಣ್ಣನಂತೆ? ನಿಮ್ಮಣ್ಣನವರೇ ಹೇಳ್ತಿದ್ರು," ಎಂದರು.

ಹೇಳು, ಎಂದೆ ನಾನು. ಹಸಿ ಮರದ ಕಥೆ ಹೇಳು, ಶೆಟರಿನ ಕಥೆ ಹೇಳು!

ಅವಳ ಹೆಬ್ಬೆರಳು ಮುಂದಿನ ಹಿಡಿಯ ಮೇಲೆ ನಿಂತಿತು. ಚಿಕ್ಕಂದಿನಿಂದ ಅವಳ ಅಂಗೈಯೇ ಸವೆಸಿದ ಹಳ್ಳ ಅಲ್ಲಿದೆ. ಅದನ್ನು ಒಮ್ಮೆ ಸವರಿದಳು, ತನ್ನಷ್ಟಕ್ಕೇ ನಕ್ಕಳು. ಯಾರಿಗೂ ಹೇಳುವುದಿಲ್ಲವೆಂದು ಅವಳು ನಿಶ್ಚಯಿಸಿದ್ದು ಆ ಬೆರಳಿನಿಂದಲೇ ನನಗೆ ತಿಳಿಯಿತು. ಅಲಗಿಗೆ ಪೆಟ್ಟಾಗದಂತೆ ನನ್ನನ್ನು ಪಕ್ಕಕ್ಕೆ ಮಲಗಿಸಿ, "ಕುರ್ಚಿ ಎಷ್ಟು ಎತ್ತರ ಇರ್ಬೇಕು, ಹೇಳಿ," ಎಂದಳು.