ಹದ್ದಮ್ಮನ ಕಣ್ಣು

ಕಡಲಿನ ಅಬ್ಬರ ಇಳಿದು ಬಂಗುಡೆ ಮೀನು ದಡದ ಹತ್ತಿರ ಬರುವ ಆ ಕೆಲವು ವಾರ ಅತ್ತೆಯ ಮಾತೇ ಮಾತು. ದೋಣಿಯಲ್ಲಿ ಕೂತವರಿಗೆ ಮೀನಿನ ಹಿಂಡು ಕಾಣುವುದಿಲ್ಲ. ದಡದ ಎತ್ತರದ ಬಂಡೆಯ ಮೇಲೆ ನಿಂತರೆ ಕಾಣುತ್ತದೆ: ನೀಲಿಯ ನಡುವೆ ನೇರಳೆ ಬಣ್ಣದ ಒಂದು ಕಲೆ, ಅದರ ಅಂಚು ಸಣ್ಣಗೆ ನಡುಗುತ್ತಿರುತ್ತದೆ. ಅಲ್ಲಿಂದ ಅತ್ತೆ ಬಿಳಿ ಬಟ್ಟೆಯನ್ನು ಯಾವ ಕಡೆಗೆ ಬೀಸುತ್ತಾಳೋ ದೋಣಿಗಳು ಆ ಕಡೆಗೆ ಹೋಗಿ ಬಲೆ ಬಿಡುತ್ತವೆ. ಎಲ್ಲರೂ ಅವಳನ್ನು ಕರೆಯುವುದೇ ಹದ್ದಮ್ಮ ಎಂದು.

ಹದ್ದಮ್ಮನ ಕಣ್ಣು ಕಳೆದ ವರ್ಷದ ಸುಗ್ಗಿಯಲ್ಲೇ ಮಂಜಾಗಿತ್ತು. ಅದು ಗೊತ್ತಿದ್ದದ್ದು ಸೊಸೆಗೆ ಮಾತ್ರ. ನೀರಿನ ಚೊಂಬು ಹಿಡಿದು ಜೊತೆಗೆ ಬಂಡೆ ಹತ್ತುವ ಸೊಸೆ ತುಟಿ ಅಲುಗಿಸದೆ "ಎಡಕ್ಕೆ, ಇನ್ನೂ ಎಡಕ್ಕೆ" ಎನ್ನುವಳು, ಅತ್ತೆಯ ಕೈ ಎಡಕ್ಕೆ ಬೀಸುವುದು. ದಡದಲ್ಲಿ ಜನ ಹೊಗಳಿದಾಗ ಅತ್ತೆ ಸೊಸೆಯ ಕಡೆ ಗಲ್ಲ ತಿರುಗಿಸಿ, "ಇವಳು ಕೆರೆ ನೀರಿನವಳು. ಇವಳಿಗೆ ಕಡಲು ಅಂದ್ರೆ ದೊಡ್ಡ ಬಚ್ಚಲು" ಎಂದು ಎಲ್ಲರನ್ನೂ ನಗಿಸುವಳು. ಸೊಸೆಯೂ ನಗುವಳು. ಒಂದು ದಿನ ಆ ಬಟ್ಟೆ ತನ್ನ ಕೈಗೆ ಬರುತ್ತದೆ, ಆಮೇಲೆ ಯಾರೂ ಕೆರೆಯ ಮಾತೆತ್ತುವುದಿಲ್ಲ ಎಂಬ ಆಸೆಯಲ್ಲಿ ಎಲ್ಲವನ್ನೂ ನುಂಗಿಕೊಂಡಿದ್ದಳು.

ಆ ಬೆಳಿಗ್ಗೆ ಸೊಸೆಯ ಹೆಗಲ ಮೇಲೆ ಕೈಯೂರಿ ಬಂಡೆ ಹತ್ತುತ್ತಲೇ ಅತ್ತೆ ಹೇಳಿದಳು: "ಮುಂದಿನ ಸಲದಿಂದ ನನ್ನ ಮಗಳು ಬೀಸ್ಲಿ. ಇವತ್ತು ಬಾ ಅಂದಿದ್ದೀನಿ, ನೋಡಿ ಕಲೀಲಿ."

"ಮತ್ತೆ ನಾನು, ಅತ್ತೆ?"

"ನೀನು ಪಕ್ಕದಲ್ಲಿ ನಿಂತು ಹೇಳ್ಕೊಡು. ನನಗೆ ಹೇಳ್ತಿಲ್ವಾ? ಹಾಗೇನೇ."

ಅದನ್ನು ಅತ್ತೆ ಉಪಕಾರ ಮಾಡಿದ ಹಾಗೆ ಹೇಳಿದಳು. ಸೊಸೆಗೆ ಅಳು ಬರಲಿಲ್ಲ. ಹೆಗಲ ಮೇಲಿನ ಕೈ ಇಷ್ಟು ಭಾರವೇ ಎಂದು ಮೊದಲ ಸಲ ಅನಿಸಿತು.

ಬಿಸಿಲೇರಿದ ಮೇಲೆ ನೀರಿನಲ್ಲಿ ಎರಡು ಕಲೆ ಕಂಡವು. ಎಡಗಡೆಯದು ನುಣ್ಣಗೆ ಜಾರುತ್ತಿತ್ತು, ಮೋಡದ ನೆರಳು. ಬಲಗಡೆಯದು ನಡುಗುತ್ತಿತ್ತು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟು ದೊಡ್ಡ ಹಿಂಡನ್ನು ಅವಳು ಹಿಂದೆಂದೂ ಕಂಡಿರಲಿಲ್ಲ, ಕೆಳಗೆ ದೋಣಿಯಲ್ಲಿ ಇದ್ದವನು ತನ್ನ ಗಂಡನೇ.

"ಬಲಕ್ಕೆ," ಎಂದಳು. "ಎಡಗಡೆ ಇರೋದು ಬರೀ ನೆರಳು."

ಅತ್ತೆಯ ಕೈ ಏಳಲಿಲ್ಲ. ಎಡಗಡೆ ಅವಳಿಗೂ ಏನೋ ಕಪ್ಪಗೆ ಕಾಣುತ್ತಿತ್ತು. "ನೆರಳಂತೆ! ಹೊಟ್ಟೆಕಿಚ್ಚಿಗೆ ನನ್ನ ಮಾನ ಕಳೀಬೇಕು ಅಂತಿದ್ದೀಯಾ?" ಎಂದವಳೇ ಬಟ್ಟೆಯನ್ನು ಎಡಕ್ಕೆ ಬೀಸಿದಳು.

"ದೇವರಾಣೆ, ಅತ್ತೆ. ಬಲಕ್ಕೆ."

ಅತ್ತೆ ಇನ್ನೂ ಜೋರಾಗಿ ಎಡಕ್ಕೇ ಬೀಸಿದಳು. ದೋಣಿಗಳು ತಿರುಗಿದವು. ಕೂಗಿದ್ದರೆ ಗಂಡನಿಗೆ ಕೇಳಿಸುತ್ತಿತ್ತು. ಸೊಸೆ ಚೊಂಬೆತ್ತಿ ಒಂದು ಗುಟುಕು ನೀರು ಕುಡಿದು, ನೋಡುತ್ತ ನಿಂತಳು.

ಬಲೆಯಲ್ಲಿ ಬಂದದ್ದು ಪಾಚಿ, ಲೋಳೆಮೀನು, ಒಂದು ಹರಿದ ಚಪ್ಪಲಿ. ಬಲಗಡೆಯ ಹಿಂಡನ್ನು ಪಕ್ಕದೂರಿನ ದೋಣಿಗಳು ಕೇಕೆ ಹಾಕುತ್ತ ಬಳಿದುಕೊಂಡು ಹೋದವು.

ಗಂಡಸರು ಒದ್ದೆ ಮೈಯಲ್ಲೇ ಬಂಡೆ ಹತ್ತಿದರು. ಅವರ ಹಿಂದೆಯೇ ಅತ್ತೆಯ ಮಗಳೂ ಬಂದಳು.

"ಏನಮ್ಮ ಇದು?" ಎಂದ ಮಗ.

"ಹದ್ದಮ್ಮ, ಚಪ್ಪಲಿ ಒಂದೇ ಸಿಕ್ತು. ಇನ್ನೊಂದು ಯಾವ ಕಡೆ ಇದೆ, ಸ್ವಲ್ಪ ಬೀಸಿ ಹೇಳು," ಎಂದ ಮುದಿ ಬಲೆಗಾರ.

"ನಿನ್ನ ಹೆಂಡ್ತೀನ ಕೇಳೋ!" ಅತ್ತೆ ಮಗನ ದನಿ ಬಂದ ಕಡೆ ತಿರುಗಿ ಕಿರುಚಿದಳು. "ಬಿಸಿಲು ಕಣ್ಣಿಗೆ ಹೊಡೀತಿತ್ತು, ಎಡಕ್ಕೆ ಎಡಕ್ಕೆ ಅಂತ ಕಿವೀಲಿ ಊದಿದ್ಲು. ಮನೆಹಾಳಿ!"

ಗಂಡ ಹೆಂಡತಿಯ ಕಡೆ ತಿರುಗಿದ. ಅವನು ಆಗಲೇ ನಂಬಿದ್ದ. ಅದನ್ನು ಕಂಡು ಸೊಸೆ ಅತ್ತೆಯ ಎದುರಿಗೇ ಬಂದು ನಿಂತಳು.

"ತಪ್ಪು ನನ್ನದಾದ್ರೆ ಹೊಡೀರಿ, ಅತ್ತೆ," ಎಂದಳು. ಎಂದವಳೇ ಪಕ್ಕದಲ್ಲಿದ್ದ ನಾದಿನಿಯ ರಟ್ಟೆ ಹಿಡಿದು ತಾನು ನಿಂತಿದ್ದ ಜಾಗಕ್ಕೆ ಎಳೆದು, ಸದ್ದಿಲ್ಲದೆ ಸರಿದುಕೊಂಡಳು.

ಏಟು ಫಟಾರನೆ ಬಿತ್ತು.

"ಅಮ್ಮಾ! ನಾನು!" ಮಗಳು ಕೆನ್ನೆ ಹಿಡಿದುಕೊಂಡಳು.

ಅತ್ತೆಯ ಕೈ ಗಾಳಿಯಲ್ಲಿ ತಡಕಾಡಿ ಮಗಳ ಮುಖಕ್ಕೆ ತಾಗಿತು. ಮೂಗು, ಒದ್ದೆಯಾದ ರೆಪ್ಪೆ, ಗಲ್ಲ. ಮಗಳು ಆ ಕೈಯನ್ನು ತಳ್ಳಿಬಿಟ್ಟಳು. ಅಲ್ಲಿದ್ದ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು.

"ಹಾಗಾದ್ರೆ ಇಷ್ಟು ದಿನ ನೋಡ್ತಿದ್ದದ್ದು ನೀನಾ?" ಎಂದು ಗಂಡ ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ಅವನು ಅಮ್ಮನ ಬೆರಳು ಬಿಡಿಸಿ, ಬಟ್ಟೆಯನ್ನು ತಂದು ಹೆಂಡತಿಯ ಕೈಗಿಟ್ಟು, ದೋಣಿಗೆ ಇಳಿದು ಹೋದ. ನಾದಿನಿ ಹಿಂದಿರುಗಿ ನೋಡದೆ ಹೋದಳು.

ಉಳಿದವರೂ ಇಳಿದ ಮೇಲೆ ಬಂಡೆಯ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದರು. ಅತ್ತೆ ಮಂಡಿ ಮಡಚಿ ಕೂತು ಕಡಲಿಗೆ ಮುಖ ಮಾಡಿದ್ದಳು. ದೋಣಿಗಳು ಮತ್ತೆ ನೀರಿಗಿಳಿದ ಮೇಲೆ, ಸೊಸೆಯ ಹತ್ತಿರ ಎಂದೂ ಆಡದ ದನಿಯಲ್ಲಿ ಕೇಳಿದಳು: "ಏನಾದ್ರೂ ಕಾಣ್ತಿದೆಯಾ?"

ದೂರದಲ್ಲಿ ಇನ್ನೊಂದು ಹಿಂಡು ತಿರುಗುತ್ತಿತ್ತು. ನೇರಳೆ ಒಮ್ಮೆಗೇ ಬೆಳ್ಳಿಯಾಗಿ ಮತ್ತೆ ನೇರಳೆಯಾಗುತ್ತಿತ್ತು. ಆ ಚೆಂದವನ್ನು ಯಾರಿಗಾದರೂ ಹೇಳಬೇಕು ಅನಿಸಿತು ಸೊಸೆಗೆ. ಹೇಳಿದರೆ ಅರ್ಥವಾಗುವ ಜೀವ ಆ ದಡದಲ್ಲಿ ಒಂದೇ ಇತ್ತು.

"ಏನೂ ಇಲ್ಲ," ಎಂದಳು, ಬಟ್ಟೆ ಎತ್ತಿ ಬೀಸುತ್ತ. ಅದು ಗಾಳಿಗೆ ಪಟಪಟ ಹೊಡೆದುಕೊಳ್ಳುವ ಸದ್ದು ಅತ್ತೆಗೆ ಚೆನ್ನಾಗಿ ಕೇಳಿಸುತ್ತಿತ್ತು.